ಒಳಗೆ ಕೈ ಹಾಕಿ ನೋಡುವ ಹೊಗೆಯಕ್ಕ

ಬೆಳಗಿನ ಐದು ಗಂಟೆ. ಮುದ್ರಣಾಲಯದ ಮೇಲಿನ ಎರಡನೇ ಮಹಡಿಯಲ್ಲಿ, ಕಿಟಕಿಯಿಲ್ಲದ ಉದ್ದನೆಯ ಕೋಣೆಯೊಂದರಲ್ಲಿ ಅರವತ್ತು ಕೂಸುಗಳು ಮಲಗಿರುವಂತೆ ಕಾಣುತ್ತದೆ. ಮೂರು ಸಾಲು ಮರದ ಹಲಗೆ, ಸಾಲಿಗೆ ಇಪ್ಪತ್ತು. ಒಂದೊಂದು ಹಲಗೆಯ ಮೇಲೂ ಕತ್ತಿನವರೆಗೆ ಜಿಪ್ ಎಳೆದ ಪುಟ್ಟ ಚೀಲ, ಒಳಗೆ ಏನೋ ದುಂಡಗೆ ಉಬ್ಬಿಕೊಂಡಿದೆ. ಯಾವುದೂ ಮಿಸುಕುವುದಿಲ್ಲ. ಮೊದಲ ಸಲ ನೋಡಲು ಹೋದವರು ತಮಗೆ ಗೊತ್ತಿಲ್ಲದೆಯೇ ದನಿ ತಗ್ಗಿಸುತ್ತಾರೆ.

ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಒಳಗೆ ಬರುವ ಹೆಂಗಸಿಗೆ ಐವತ್ತೇಳು ವರ್ಷ. ಅವರು ದೀಪ ಹಾಕುವುದಿಲ್ಲ. ಬಾಗಿಲಿನಿಂದ ಬೀಳುವ ಬೆಳಕಿನಲ್ಲೇ ಮೊದಲ ಚೀಲದ ಮುಂದೆ ಬಗ್ಗಿ, ಜಿಪ್ಪನ್ನು ನಾಲ್ಕು ಬೆರಳು ಹಿಡಿಯುವಷ್ಟು ತೆಗೆದು, ಎಡಗೈಯನ್ನು ಮಣಿಕಟ್ಟಿನ ತನಕ ಒಳಗೆ ಬಿಡುತ್ತಾರೆ. ಜ್ವರ ಬಂದ ಮಗುವನ್ನು ತಾಯಿ ಮುಟ್ಟಿ ನೋಡುವ ಹಾಗೆ ಒಂದು ಗಳಿಗೆ ಸುಮ್ಮನಿದ್ದು, "ಮೂವತ್ತೊಂಬತ್ತು" ಎನ್ನುತ್ತಾರೆ. ಹಿಂದೆಯೇ ನಿಂತ ಇನ್ನೊಬ್ಬಾಕೆ ಶಾಖ ಅಳೆಯುವ ಕಡ್ಡಿ ಇಟ್ಟು ನೋಡಿ ಬರೆದುಕೊಳ್ಳುತ್ತಾಳೆ. ಮೂವತ್ತೊಂಬತ್ತೇ.

ಕಾರ್ಖಾನೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಹೊಗೆಯಕ್ಕ ಎಂದು. ಬರೆದುಕೊಳ್ಳುವಾಕೆ ರಿಜಿಸ್ಟರಮ್ಮ. ಚೀಲಗಳ ಒಳಗಿರುವುದು ಕೂಸಲ್ಲ, ಎರಡೆರಡು ಲೀಟರ್ ನೀರು ಹಿಡಿಯುವ ಸ್ಟೀಲ್ ಬಾಟಲಿ. ಸಂಜೆ ಆರಕ್ಕೆ ಎಪ್ಪತ್ತು ಡಿಗ್ರಿ ಬಿಸಿನೀರು ತುಂಬಿ, ಹನ್ನೆರಡು ಡಿಗ್ರಿಗೆ ತಣ್ಣಗೆ ಮಾಡಿಟ್ಟ ಈ ಕೋಣೆಯಲ್ಲಿ ಮಲಗಿಸಿ ಹೋಗುತ್ತಾರೆ. ಬೆಳಗ್ಗೆ ಮೂವತ್ತೈದಕ್ಕಿಂತ ಕೆಳಗೆ ಇಳಿದಿರಬಾರದು. ಇಳಿಯದಿದ್ದರೆ ಹೊಗೆಯಕ್ಕ ಚೀಲದ ಮೂಲೆಗೆ ನೀಲಿ ದಾರದ ಒಂದು ಗಂಟು ಹಾಕುತ್ತಾರೆ. ಆ ಗಂಟಿಲ್ಲದ ಮಾಲನ್ನು ಕೆಳಗಿನ ಪ್ಯಾಕಿಂಗಿನವರು ಮುಟ್ಟುವುದಿಲ್ಲ.

ಅರವತ್ತೂ ಪಾಸು. ಆದರೆ ಗಂಟು ಬಿದ್ದಿಲ್ಲ. ಇದು ಹೀಗೆ ಹತ್ತನೇ ದಿನ. ಕೂಸುಗಳನ್ನು ಮಲಗಿಸಲೆಂದು ಹೊಲಿದ ಆರುನೂರು ಚೀಲಗಳು ಕೆಳಗಡೆ ಕಾಯುತ್ತಿವೆ, ಸೋಮವಾರ ಲಾರಿ ಬರುತ್ತದೆ, ಹೊಗೆಯಕ್ಕನ ದಾರದ ಉಂಡೆ ಮಾತ್ರ ಸೊಂಟದಲ್ಲಿ ಸಿಕ್ಕಿಸಿದಲ್ಲೇ ಇದೆ.

ಕೋಣೆಯ ಕೊನೆಯ ಗೋಡೆಗೆ ಒಂದು ಮೊಳೆ. ಮೊಳೆಗೆ ಮಾಸಿದ ಬೂದು ಬಣ್ಣದ, ಹೊಲಿಗೆ ಸೊಟ್ಟಗಿರುವ ದೊಡ್ಡವರ ಹೊದಿಕೆಯೊಂದು ನೇತಾಡುತ್ತದೆ. ಅದರಲ್ಲಿ ಬಾಟಲಿ ಇಲ್ಲ, ಏನೂ ಇಲ್ಲ. ಹೊಗೆಯಕ್ಕ ಎಲ್ಲ ಮುಗಿದ ಮೇಲೆ ಅದರ ಮಡಿಕೆಯೊಳಗೂ ಕೈ ಬಿಡುತ್ತಾರೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ. "ಹಾಗೇ ಇದೆ," ಎನ್ನುತ್ತಾರೆ. ರಿಜಿಸ್ಟರಮ್ಮ ಪುಟದ ಕೊನೆಯ ಸಾಲಿನಲ್ಲಿ ಸಣ್ಣದೊಂದು ಗೆರೆ ಎಳೆದು ಪುಸ್ತಕ ಮುಚ್ಚುತ್ತಾಳೆ. ಹನ್ನೆರಡು ವರ್ಷದ ರಿಜಿಸ್ಟರುಗಳಲ್ಲಿ ದಿನಕ್ಕೊಂದರಂತೆ ಆ ಗೆರೆ ಇದೆ.

ಇವರೆಲ್ಲ ಹೊಲಿಯುವ ವಸ್ತುವಿನ ಕುಲ ದೊಡ್ಡದು. ರಾಕೆಟ್ಟು, ಉಪಗ್ರಹ, ಬಾಹ್ಯಾಕಾಶಕ್ಕೆ ಹೋಗುವವರ ಉಡುಪು, ಇಂಥವನ್ನು ಸುಡುವ ಬಿಸಿಲು, ಕೊಲ್ಲುವ ಚಳಿ ಎರಡರಿಂದಲೂ ಕಾಯಲು ಬಳಕೆಯಾದ ಸಾಮಗ್ರಿಗಳ ವಂಶ ಅದು. ಒಂದು, ಕೂದಲಿಗಿಂತ ತೆಳ್ಳಗಿನ ಬೆಳ್ಳಿ ಬಣ್ಣದ ಹಾಳೆ. ಇನ್ನೊಂದು ಏರೋಜೆಲ್. ನೂರು ಪಾಲಿನಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಬರಿಯ ಗಾಳಿಯೇ ಆಗಿರುವ, ಆದರೂ ಕೈಗೆ ಸಿಗುವ ವಿಚಿತ್ರ ಪದಾರ್ಥ. ಅದರ ತುಣುಕನ್ನು ಬೆಳಕಿಗೆ ಹಿಡಿದರೆ ಹೊಗೆ ಹೆಪ್ಪುಗಟ್ಟಿದ ಹಾಗೆ ನೀಲಿಯಾಗಿ ಕಾಣುತ್ತದೆ. ಅಂಗೈ ಮೇಲೆ ಇಟ್ಟರೆ ಇಟ್ಟದ್ದೇ ತಿಳಿಯುವುದಿಲ್ಲ, ಕಣ್ಣು ಇದೆ ಎನ್ನುತ್ತದೆ, ಕೈ ಇಲ್ಲ ಎನ್ನುತ್ತದೆ. ಅದನ್ನೇ ನಾರಿನೊಳಗೆ ಸೇರಿಸಿ ಮಾಡಿದ ಹೊದಿಕೆ ಬಟ್ಟೆ ಸುರುಳಿ ಸುರುಳಿಯಾಗಿ ಈ ಕಾರ್ಖಾನೆಗೆ ಬರುತ್ತದೆ.

ಇಲ್ಲಿ ಅದು ಮನೆಮಂದಿಯ ಸಾಮಾನಾಗುತ್ತದೆ. ಚಳಿಯ ಊರಿಗೆ ಹೋಗುವವರ ಜಾಕೆಟ್ಟು, ಬೂಟಿನೊಳಗಿನ ಅಟ್ಟೆ, ಹಾಲಿನ ಬಾಟಲಿಯ ಕವಚ, ಬಚ್ಚಲಿನ ಗೀಸರಿಗೆ ತೊಡಿಸುವ ಅಂಗಿ, ಬಿಸಿ ಪಾತ್ರೆ ಹಿಡಿಯುವ ಕೈಗವಸು, ಊಟ ಕೊಂಡೊಯ್ಯುವ ಬ್ಯಾಗು. "ಆಕಾಶಕ್ಕೆ ಹೋಗಬೇಕಾದ್ದು, ಈಗ ಅನ್ನದ ಡಬ್ಬಿಗೆ ಕಾವಲು ಕೂತಿದೆ," ಎಂದು ನಗುತ್ತಾರೆ ಬಟ್ಟೆ ಕತ್ತರಿಸುವ ಹಿರಿಯರು. ಇವರನ್ನು ಇಲ್ಲಿ ಕತ್ತರಿ ಮಾವ ಎನ್ನುತ್ತಾರೆ. ಬಾಯಿ ಕೂಡ ಕತ್ತರಿಯೇ.

ಈ ಬಟ್ಟೆಯನ್ನು ಕತ್ತರಿಸಿದರೆ ಬಿಳಿ ಧೂಳು ಏಳುತ್ತದೆ. ಅದು ಮುಟ್ಟಿದಲ್ಲಿನ ಪಸೆಯನ್ನೆಲ್ಲ ಹೀರುತ್ತದೆ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಕಡ್ಡಾಯ. ಹೊಲಿಗೆಯ ಮೇಜಿನಲ್ಲಿದ್ದ ಮೊದಲ ವರ್ಷ ಸಂಜೆ ಎದ್ದು ನಿಂತರೆ ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಮೋಡ ಹಾರುತ್ತಿತ್ತಂತೆ, ಅಲ್ಲಿಂದ ಹೊಗೆಯಕ್ಕ ಎಂಬ ಹೆಸರು. ಬಲಗೈಯ ತೊಗಲು ಇವತ್ತಿಗೂ ಒಣಗಿದ ಕೆರೆಯ ತಳದ ಹಾಗೆ ಬಿರಿದಿದೆ. ಎಡಗೈ ಮಾತ್ರ ನುಣುಪು. ಪರೀಕ್ಷೆಗೆ ನಿಂತ ದಿನದಿಂದ ಎಡಗೈಗೆ ದಿನಕ್ಕೆ ಮೂರು ಸಲ ಎಣ್ಣೆ ಹಚ್ಚುತ್ತಾರೆ, ಆ ಕೈಯಿಂದ ಪಾತ್ರೆ ತೊಳೆಯುವುದಿಲ್ಲ, ಒಲೆಯ ಹತ್ತಿರ ತರುವುದಿಲ್ಲ. ಎರಡು ಕೈಗಳನ್ನು ಜೋಡಿಸಿ ಹಿಡಿದರೆ ಬೇರೆ ಬೇರೆ ಇಬ್ಬರ ಕೈಗಳ ಹಾಗಿವೆ.

ಅಳತೆಗೆ ಕಡ್ಡಿ ಇದೆ, ಶಾಖ ಕಾಣಿಸುವ ಕ್ಯಾಮೆರಾ ಇದೆ, ಕೈ ಯಾಕೆ ಬೇಕು ಎಂದರೆ ಅವರಿಗೆ ಕೋಪ ಬರುವುದಿಲ್ಲ, ಬೇಜಾರಾಗುತ್ತದೆ. "ಕಡ್ಡಿ ತಾನು ನಿಂತ ಜಾಗ ಹೇಳುತ್ತೆ. ಕ್ಯಾಮೆರಾ ಮೇಲಿಂದು ಹೇಳುತ್ತೆ. ಕೈ ಒಳಗಡೆ ಸುತ್ತಾಡಿ ಬರುತ್ತೆ. ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿಂದ ಗಾಳಿ ಬರ್ತಿದೆ ಅಂತ ಅದಕ್ಕೆ ಗೊತ್ತಾಗುತ್ತೆ."

ಆ ಕ್ಯಾಮೆರಾದ ಮುಂದೆ ಅವರು ನಿಲ್ಲುವುದೇ ಇಲ್ಲ. ಒಮ್ಮೆ ಕತ್ತರಿ ಮಾವ ತಮಾಷೆಗೆಂದು ತಲೆಗವಸು ಸಮೇತ ಪೂರ್ತಿ ಉಡುಪು ತೊಟ್ಟು ಅದರೆದುರು ಕುಣಿದರು. ಪರದೆಯಲ್ಲಿ ಮನುಷ್ಯ ಇರಲಿಲ್ಲ. ಗೋಡೆಯ ಬಣ್ಣದಲ್ಲಿ ಗೋಡೆ ಇತ್ತು, ಅದರ ನಡುವೆ ಒಂದು ಕೆಂಪು ಮುಖ ಮಾತ್ರ ತೇಲಾಡುತ್ತ ನಗುತ್ತಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊಗೆಯಕ್ಕ ಬಂದು ನೋಡಿ, "ಮಾವ, ಬಿಚ್ಚಿ ಅದನ್ನ. ಈಗಲೇ ಬಿಚ್ಚಿ," ಎಂದರು. ಮಾವ ಬಿಚ್ಚುವ ತನಕ ಅಲ್ಲಿಂದ ಕದಲಲಿಲ್ಲ.

ಅದಕ್ಕೆ ಕಾರಣ ಹನ್ನೆರಡು ವರ್ಷ ಹಿಂದಿನದು.

ಅವರಿಗೊಬ್ಬ ತಮ್ಮ. ಮೀನು, ಮಾಂಸ ಇಡುವ ದೊಡ್ಡ ಶೈತ್ಯಾಗಾರದಲ್ಲಿ ಪೆಟ್ಟಿಗೆ ಹೊರುವ ಕೆಲಸ. ಗಂಡ ಬಿಟ್ಟುಹೋದ ಅಕ್ಕನನ್ನು ತನ್ನ ಮನೆಗೆ ಕರೆತಂದು, "ನೀನು ಎಲ್ಲೂ ಹೋಗಬೇಡ," ಎಂದವನು ಅವನೇ. ಒಂದು ದಿನ ಬೆಳಗಿನ ಪಾಳಿಯಲ್ಲಿ ಒಳಗಿನ ಬಾಗಿಲಿನ ಅಗುಳಿ ಹಿಮಗಟ್ಟಿ ಹಿಡಿದುಕೊಂಡಿತು. ಯಾರೋ ಗಮನಿಸಿ ತೆಗೆಯುವಷ್ಟರಲ್ಲಿ ಎರಡು ತಾಸು ಹತ್ತಿರ ಕಳೆದಿತ್ತು. ಮನೆಗೆ ಹೋಗಿ ಮಲಗು ಎಂದು ಕಳಿಸಿದರು. ಹಲ್ಲು ಕಟಕಟಿಸುತ್ತ, ಬಟ್ಟೆಯ ಮೇಲಿನ ಹಿಮ ಕರಗಿ ಒದ್ದೆಯಾಗಿ, ಹನ್ನೊಂದು ಗಂಟೆಗೆ ಬಾಗಿಲಲ್ಲಿ ನಿಂತ.

"ನಾನು ಕಾರ್ಖಾನೆ ಸೇರಿ ಎಂಟು ತಿಂಗಳಾಗಿತ್ತು. ಬಲು ಜಂಬ ನನಗೆ. ಸೊಟ್ಟ ಹೊಲಿಗೆ ಅಂತ ಬಿಟ್ಟ ಒಂದು ಹೊದಿಕೆ ಮನೆಗೆ ಕೊಟ್ಟಿದ್ರು. ರಾಕೆಟ್ಟಿಗೆ ಹೊದಿಸೋದು ಕಣೋ ಇದು, ಒಂದು ಗಳಿಗೇಲಿ ಬೆಚ್ಚಗಾಗ್ತೀಯ ಅಂದೆ. ಒದ್ದೆ ಬಟ್ಟೇಲೇ ಸುತ್ತಿಬಿಟ್ಟೆ. ತಲೆ ಮೇಲೂ ಎಳೆದೆ, ಮೂಗು ಬಿಟ್ಟು."

ಪಕ್ಕದಲ್ಲಿ ಹೀಟರ್ ಇಟ್ಟರು. ಮಂಚ ಗಡಗಡ ಅಲುಗುವಷ್ಟು ನಡುಗುತ್ತಿದ್ದ ತಮ್ಮ. ಹೀಟರ್ ಜೋರು ಮಾಡಿದರು. ಒಂದು ಗಂಟೆಯ ಹೊತ್ತಿಗೆ ನಡುಕ ನಿಂತಿತು. ಹೊಗೆಯಕ್ಕ ಹೊದಿಕೆಯ ಮೇಲೆ ಕೈಯಿಟ್ಟು ನೋಡಿದರು. ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆಯಂತೆ ಬಿಸಿಯಾಗಿತ್ತು. "ಬೆಚ್ಚಗಾದ, ನಿದ್ದೆ ಹತ್ತಿದೆ, ಎಬ್ಬಿಸಬೇಡ," ಎಂದು ತಮ್ಮನ ಹೆಂಡತಿಗೆ ಹೇಳಿ, ಎರಡು ಗಂಟೆಯ ಪಾಳಿಗೆ ನೆಮ್ಮದಿಯಾಗಿ ಹೊರಟರು.

ನಾಲ್ಕು ಗಂಟೆಗೆ ಏನಾದರೂ ಕುಡಿಸೋಣವೆಂದು ತಮ್ಮನ ಹೆಂಡತಿ ಹೊದಿಕೆ ಸರಿಸಿದಳು. ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ ಒಳಗಿನಿಂದ ತಣ್ಣನೆಯ ಗಾಳಿ ಅವಳ ಮುಖಕ್ಕೆ ಬಡಿಯಿತಂತೆ. ಅವನ ಉಸಿರು ನಿಂತುಹೋಗಿತ್ತು.

"ಅದು ಬಿಸಿ ಕೊಡೋ ಸಾಮಾನಲ್ಲ. ಏನು ಒಳಗಿಡ್ತೀವೋ ಅದನ್ನ ಕಾಯುತ್ತೆ. ಬಿಸಿ ಇಟ್ರೆ ಬಿಸಿ, ಚಳಿ ಇಟ್ರೆ ಚಳಿ. ನಾನು ಚಳೀನ ಕಟ್ಟಿ ಒಳಗಿಟ್ಟೆ. ಹೀಟರಿನ ಶಾಖ ಅವನ ತನಕ ಹೋಗದ ಹಾಗೆ ಅಡ್ಡ ಕಟ್ಟಿದೆ. ಆಮೇಲೆ ಹೊರಗಡೆ ಮುಟ್ಟಿ ನೋಡಿ, ಸರಿಹೋದ ಅಂದುಕೊಂಡೆ." ಇದನ್ನು ಹೇಳುವಾಗ ಹೊಗೆಯಕ್ಕ ಅಳುವುದಿಲ್ಲ. ಎಡಗೈಯನ್ನು ಬಲಗೈಯೊಳಗೆ ಮುಚ್ಚಿಟ್ಟುಕೊಂಡು ಕೂತಿರುತ್ತಾರೆ. ಕೇಳುವವರಿಗೆ ಎದ್ದು ಹೋಗಬೇಕೆನಿಸುತ್ತದೆ, ಹೋಗಲಾಗುವುದಿಲ್ಲ.

ತಿಂಗಳು ಕಳೆದು ಕೆಲಸಕ್ಕೆ ಮರಳಿದಾಗ ಹೊಲಿಗೆ ಬೇಡ, ಪರೀಕ್ಷೆಗೆ ಹಾಕಿ ಎಂದು ಕೇಳಿಕೊಂಡರು. ಬೇರೆ ಎಲ್ಲಾದರೂ ಹೋಗಬಹುದಿತ್ತಲ್ಲ ಎಂದರೆ, "ಗೊತ್ತಿರೋಳು ಒಬ್ಬಳಾದರೂ ಇಲ್ಲಿ ಇರಬೇಡವಾ?" ಎನ್ನುತ್ತಾರೆ. ಆ ಹೊದಿಕೆಯನ್ನು ಸುಡಲು ಮನಸ್ಸಾಗಲಿಲ್ಲ, ಮನೆಯಲ್ಲಿಡಲು ಧೈರ್ಯವಾಗಲಿಲ್ಲ. ತಂದು ಕೊನೆಯ ಗೋಡೆಯ ಮೊಳೆಗೆ ಹಾಕಿದರು. ತಮ್ಮನ ಹೆಂಡತಿ, ಇವರು ಇಬ್ಬರೂ ಇವತ್ತಿಗೂ ಅದೇ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದಾರೆ. ಅವಳು ಒಂದು ದಿನವೂ ಆ ಬಗ್ಗೆ ಒಂದು ಮಾತು ಆಡಿಲ್ಲ, ಅದೇ ಕಷ್ಟ ಎನ್ನುತ್ತಾರೆ ಅಕ್ಕ. ಆ ಮನೆಯಲ್ಲಿ ಹೀಟರ್ ಇಲ್ಲ. ಊರಿಗೆಲ್ಲ ಆಕಾಶದ ಹೊದಿಕೆ ಪಾಸು ಮಾಡುವವರು ಹತ್ತಿಯ ಹಳೆ ರಜಾಯಿ ಹೊದ್ದು ಮಲಗುತ್ತಾರೆ.

ಈಗ ಕೂಸಿನ ಚೀಲದ ವಿಷಯಕ್ಕೆ ಬರೋಣ. ಚೀಲದಲ್ಲಿ ಐಬಿಲ್ಲ, ತಾವು ನೋಡಿದ್ದರಲ್ಲೇ ಇದು ಮೇಲು ಎಂದು ಹೊಗೆಯಕ್ಕನೇ ಒಪ್ಪುತ್ತಾರೆ. ತಕರಾರು ಇರುವುದು ಅದನ್ನು ಹಾಕಿ ಮಾರುವ ಡಬ್ಬಿಯ ಮೇಲೆ. ನಗುವ ಮಗುವಿನ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಚಳಿಯಲ್ಲಿ ನಡುಗುವ ಕಂದನನ್ನು ಕ್ಷಣದಲ್ಲಿ ಬೆಚ್ಚಗಾಗಿಸುತ್ತದೆ'. ಆ ಸಾಲು ಇರುವ ತನಕ ಗಂಟು ಹಾಕುವುದಿಲ್ಲ ಎಂದು ಪಟ್ಟು ಹಿಡಿದು ಕೂತಿದ್ದಾರೆ. "ಡಬ್ಬಿ ತಪ್ಪಿಗೆ ಚೀಲಕ್ಕೆ ಶಿಕ್ಷೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು ಇದು," ಎಂದು ಕತ್ತರಿ ಮಾವ ಗೊಣಗುತ್ತಾರೆ. ಗೊಣಗುತ್ತಲೇ ಹತ್ತು ದಿನದಿಂದ ಅಕ್ಕನಿಗೆ ಚಹಾ ತಂದುಕೊಡುತ್ತಿರುವವರೂ ಅವರೇ.

ಆರೂವರೆಗೆ ಯಜಮಾನರು ಮೆಟ್ಟಿಲು ಹತ್ತಿ ಬರುತ್ತಾರೆ. ನಲವತ್ತರ ಆಸುಪಾಸಿನವರು, ಕೆಟ್ಟವರಲ್ಲ. ಈ ಕಾರ್ಖಾನೆ ಕೊಂಡು ನಾಲ್ಕು ವರ್ಷ. ಮೊಳೆಯ ಹೊದಿಕೆಯ ಕತೆ ಅವರಿಗೆ ಯಾರೂ ಹೇಳಿಲ್ಲ, ಅವರೂ ಈ ಕೋಣೆಗೆ ಬರುವುದು ವರ್ಷಕ್ಕೊಮ್ಮೆ. ಕಣ್ಣು ನಿದ್ದೆಗೆಟ್ಟು ಕೆಂಪಾಗಿದೆ.

"ಅಕ್ಕಾ, ಡಬ್ಬಿ ಅಚ್ಚಾಗಿ ಬಂದುಬಿಟ್ಟಿದೆ. ಸೋಮವಾರ ಲಾರಿ. ಈ ಸಲ ಒಂದು ಬಿಟ್ಟುಬಿಡಿ, ಮುಂದಿನ ಸಲ ನೀವು ಹೇಳಿದ ಹಾಗೇ ಬರೆಸ್ತೀನಿ."

"ಈ ಸಲದ ಆರುನೂರು ಮಕ್ಕಳು ಏನು ಪಾಪ ಮಾಡಿದ್ವು ಸಾರ್?"

"ಯಾವ ಮಕ್ಕಳಿಗೂ ಏನೂ ಆಗಲ್ಲ. ಮಗು ಮೈಯಲ್ಲೇ ಬಿಸಿ ಇರುತ್ತಲ್ಲ."

"ಬೆಚ್ಚಗಿರೋ ಮಗುಗೆ ಇರುತ್ತೆ. ನೀರಲ್ಲಿ ಬಿದ್ದು, ಒದ್ದೆಯಾಗಿ, ಮೈ ಸೆಟೆದು ಬಂದ ಮಗುಗೆ ಇರಲ್ಲ. ಅಂಥ ಹೊತ್ತಲ್ಲೇ ತಾಯಿ ಡಬ್ಬಿ ನೋಡಿ ಇದರೊಳಗೆ ಹಾಕೋದು. ಬನ್ನಿ ಇಲ್ಲಿ."

ಬಾಗಿಲ ಬಳಿ ಬೇರೆಯಾಗಿ ಒಂದು ಹಲಗೆ ಇದೆ. ಅದರ ಮೇಲೊಂದು ಚೀಲ, ಎರಡೂ ಕಡೆ ಉರಿಯುವ ಹೀಟರ್. ನಿನ್ನೆ ಸಂಜೆಯಿಂದ ಉರಿಯುತ್ತಿವೆ. ಮುಟ್ಟಿ ನೋಡಿ ಎನ್ನುತ್ತಾರೆ ಹೊಗೆಯಕ್ಕ. ಯಜಮಾನರು ಮೇಲೆ ಕೈಯಿಡುತ್ತಾರೆ. ಹಿತವಾದ ಶಾಖ, ಒಳಗೆ ಗಡದ್ದಾಗಿ ನಿದ್ದೆ ಹೋದ ಕೂಸು ಇದ್ದಂತೆಯೇ.

"ಚೆನ್ನಾಗಿ ಬೆಚ್ಚಗಿದೆಯಲ್ಲ ಅಕ್ಕಾ."

"ಈಗ ಕೈ ಒಳಗೆ ಹಾಕಿ."

ಹಾಕುತ್ತಾರೆ. ಥಟ್ಟನೆ ತೆಗೆಯುತ್ತಾರೆ. ಒಳಗಿನ ಬಾಟಲಿಯಲ್ಲಿ ಸಂಜೆ ತುಂಬಿದ್ದು ಮಂಜುಗಡ್ಡೆಯ ನೀರು. ಅಲ್ಲಾಡಿಸಿದರೆ ಚೂರುಗಳು ಇನ್ನೂ ಬಾಟಲಿಗೆ ತಾಗುವ ಸದ್ದು ಕೇಳುತ್ತದೆ.

ಯಜಮಾನರು ಚೀಲದ ಜಿಪ್ ಎಳೆದು ಮುಚ್ಚುತ್ತಾರೆ. ಈ ಕೋಣೆಯ ಗೋಡೆಗೂ ಅದೇ ಬಟ್ಟೆ ಹೊದಿಸಿರುವುದರಿಂದ ಮಾತು ನಿಂತ ಕೂಡಲೇ ಕಿವಿ ಮುಚ್ಚಿದ ಹಾಗಾಗುತ್ತದೆ. ಅವರು ಸಾಲುಗಳ ನಡುವೆ ನಡೆಯುತ್ತಾರೆ, ಒಂದೊಂದು ಚೀಲದೊಳಗೂ ಕೈ ಹಾಕಿ ನೋಡುತ್ತಾರೆ. ಬಿಸಿ. ಬಿಸಿ. ಬಿಸಿ. ಲಾರಿಯ ವಿಷಯ ಯೋಚಿಸುತ್ತಿದ್ದಾರೆ ಎಂದು ಮುಖ ನೋಡಿದರೆ ಗೊತ್ತಾಗುತ್ತದೆ. ಯೋಚಿಸುತ್ತಲೇ ಕೊನೆಯ ಗೋಡೆ ಮುಟ್ಟಿ, ಕೈಗೆ ಸಿಕ್ಕ ಮೊಳೆಯ ಹೊದಿಕೆಯ ಮಡಿಕೆಯೊಳಗೂ ಕೈ ಬಿಡುತ್ತಾರೆ. ರಿಜಿಸ್ಟರಮ್ಮ ಬೇಡ ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಲ್ಲುತ್ತಾಳೆ.

"ಇದಕ್ಕೂ ಮಂಜುಗಡ್ಡೆ ನೀರು ಇಟ್ಟಿದ್ದೀರಾ?"

"ಅದರೊಳಗೆ ಏನೂ ಇಲ್ಲ ಸಾರ್," ಎನ್ನುತ್ತಾಳೆ ರಿಜಿಸ್ಟರಮ್ಮ.

ಅವರು ಹೊದಿಕೆಯನ್ನು ಪೂರ್ತಿ ಬಿಡಿಸಿ ನೋಡುತ್ತಾರೆ. ಖಾಲಿ. ಅಳತೆಯ ಕಡ್ಡಿ ಇಸಿದುಕೊಂಡು ಮಡಿಕೆಯೊಳಗೆ ಇಡುತ್ತಾರೆ. ಹನ್ನೆರಡು, ಕೋಣೆಯಷ್ಟೇ. ಕಡ್ಡಿ ತೆಗೆದು ಮತ್ತೆ ಕೈಯಿಡುತ್ತಾರೆ, ಮಣಿಕಟ್ಟಿನ ರೋಮ ನಿಲ್ಲುತ್ತದೆ. ಮತ್ತೊಮ್ಮೆ ಕಡ್ಡಿ. ಹನ್ನೆರಡು. ಕೈಯನ್ನು ಅಂಗಿಗೆ ಉಜ್ಜಿಕೊಳ್ಳುತ್ತ, "ಯಾರದು ಇದು?" ಎನ್ನುತ್ತಾರೆ. ಏನಿದು ಎಂದು ಕೇಳುವುದಿಲ್ಲ.

"ನನ್ನ ತಮ್ಮಂದು," ಎಂದು ಹೊಗೆಯಕ್ಕ ನಿಂತಲ್ಲೇ, ಮೂರೇ ಮಾತಿನಲ್ಲಿ ಎಲ್ಲ ಹೇಳುತ್ತಾರೆ. ಜನ ಅದನ್ನು ಕಟ್ಟುಕತೆ ಎನ್ನಬಹುದು, ಹನ್ನೆರಡು ವರ್ಷದ ದುಃಖ ಹೀಗೆ ಆಡಿಸುತ್ತದೆ ಎನ್ನಬಹುದು. ಆದರೆ ಕತೆಯೇ ಗೊತ್ತಿಲ್ಲದಿದ್ದವರ ಕೈಗೂ ಆ ಚಳಿ ಹತ್ತಿತು. ಯಜಮಾನರು ಹೊದಿಕೆಯನ್ನು ಮೊದಲಿದ್ದ ಹಾಗೆಯೇ ಮಡಿಸಿ ಮೊಳೆಗೆ ಹಾಕುತ್ತಾರೆ. ಕೆಳಗೆ ಮುದ್ರಣಾಲಯ ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದುಹೋಗುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಅಂಟುಚೀಟಿಗಳು ಮೇಲೆ ಬರುತ್ತವೆ, ಶಾಯಿಯ ವಾಸನೆ ಇನ್ನೂ ಆರಿಲ್ಲ. ಡಬ್ಬಿಯ ದಪ್ಪ ಅಕ್ಷರದ ಸಾಲು ಸರಿಯಾಗಿ ಮುಚ್ಚುವ ಅಳತೆ. ಅದರ ಮೇಲಿನ ಮಾತು ಹೊಗೆಯಕ್ಕ ಹೇಳಿ, ರಿಜಿಸ್ಟರಮ್ಮ ಬರೆದುಕೊಟ್ಟದ್ದು: 'ಇದು ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಕಾಯುತ್ತದೆ. ಮಗು ಚಳಿಯಲ್ಲಿ ನೆನೆದಿದ್ದರೆ ಒದ್ದೆ ಬಟ್ಟೆ ಬಿಚ್ಚಿ, ಮೈಗೆ ಮೈ ಒತ್ತಿ ಅಪ್ಪಿಕೊಳ್ಳಿ, ಡಾಕ್ಟರ ಹತ್ತಿರ ಓಡಿ. ಚೀಲದ ಮೇಲೆ ಮುಟ್ಟಿ ನಂಬಬೇಡಿ. ಕೈ ಒಳಗೆ ಹಾಕಿ ನೋಡಿ.'

"ಇಷ್ಟುದ್ದ ಬರೆದರೆ ಕೊಳ್ಳೋರು ಓದೋಷ್ಟರಲ್ಲಿ ಮಗು ದೊಡ್ಡದಾಗುತ್ತೆ," ಎನ್ನುತ್ತಾರೆ ಕತ್ತರಿ ಮಾವ, ಮೊದಲ ಚೀಟಿಯನ್ನು ತಾವೇ ಅಂಟಿಸುತ್ತ.

ಸೊಂಟದಿಂದ ನೀಲಿ ದಾರದ ಉಂಡೆ ಹೊರಗೆ ಬರುತ್ತದೆ. ಹೊಗೆಯಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಗಂಟು ಹಾಕುತ್ತಾರೆ. ಒಂದು, ಎರಡು, ಹತ್ತು, ನೂರು. ಬಿರಿದ ಬಲಗೈ ದಾರ ಎಳೆಯುತ್ತದೆ, ನುಣುಪು ಎಡಗೈ ಒಳಗಿನಿಂದ ಬಟ್ಟೆ ಹಿಡಿಯುತ್ತದೆ. ಆರುನೂರು ಮುಗಿಯಲು ಸಂಜೆಯಾಗುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ, ಮುಖದಲ್ಲಿ ಮಾತ್ರ ಹತ್ತು ದಿನದಿಂದ ಕಾಣದ ನಿರಾಳ.

ಮುಂದಿನ ವರ್ಷ ಅವರಿಗೆ ನಿವೃತ್ತಿ. ಏನು ಬೇಕು ನಿಮಗೆ ಎಂದು ಕೇಳಿದರೆ ಮೊದಲು ನಗುತ್ತಾರೆ. ನನಗ್ಯಾಕೆ, ಊಟ ಇದೆ, ಮಲಗೋಕೆ ಜಾಗ ಇದೆ ಎನ್ನುತ್ತಾರೆ. ಆಮೇಲೆ ರಿಜಿಸ್ಟರಮ್ಮನ ಕಡೆ ನೋಡಿ ಹೇಳುತ್ತಾರೆ: "ನಾನು ಹೋದ ಮೇಲೂ ಬೆಳಗ್ಗೆ ಒಂದು ಸಲ ಯಾರಾದರೂ ಆ ಮೊಳೆ ಹತ್ರ ಹೋಗಬೇಕು. ಬಿಸಿ ಮಾಡಿ ಅಂತ ಹೇಳ್ತಿಲ್ಲ, ಅದು ಆಗಲ್ಲ. ಆವತ್ತು ಅವನ ಹತ್ರ ಒಂದು ಕೈ ಒಳಗೆ ಬರಲಿಲ್ಲ. ಈಗ ದಿನಾ ಬರುತ್ತೆ ಅಂತ ಅವನಿಗೆ ಅಭ್ಯಾಸ ಆಗಿಬಿಟ್ಟಿದೆ."

ಮರುದಿನ ಬೆಳಗಿನ ಐದು ಗಂಟೆ. ಹಲಗೆಗಳ ಮೇಲೆ ಹೊಸ ಅರವತ್ತು. ಅರವತ್ತನೆಯದು ಮುಗಿದ ಮೇಲೆ ರಿಜಿಸ್ಟರಮ್ಮ ಪುಸ್ತಕವನ್ನು ಹೊಗೆಯಕ್ಕನ ಕೈಗೆ ಕೊಟ್ಟು, ತಾನೇ ಕೊನೆಯ ಗೋಡೆಯವರೆಗೆ ನಡೆಯುತ್ತಾಳೆ. ಕಣ್ಣು ಮುಚ್ಚಿಕೊಂಡು ಕೈ ಒಳಗೆ ಬಿಡುತ್ತಾಳೆ. ಬಹಳ ಹೊತ್ತು ನಿಲ್ಲುತ್ತಾಳೆ.

"ಹಾಗೇ ಇದೆ ಅಕ್ಕ," ಎನ್ನುತ್ತಾಳೆ.

ಹೊಗೆಯಕ್ಕ ಪುಟದ ಕೊನೆಯ ಸಾಲಿನಲ್ಲಿ ಗೆರೆ ಎಳೆಯುತ್ತಾರೆ.